ದುಡ್ಡಿನ ದೊರೆಗಳು ಪಟ್ಟಿಯ ತಳದಲ್ಲಿ: ಯಾಂಕೀಸ್, ರೆಡ್ ಸಾಕ್ಸ್ ಬೀಳುವುದು ಯಾಕೆ?

2023ರ ಬೇಸ್‌ಬಾಲ್ ಸೀಸನ್ ಮುಗಿದಾಗ ಅಮೆರಿಕನ್ ಲೀಗ್ ಪೂರ್ವ ವಿಭಾಗದ ಪಟ್ಟಿ ಹೀಗಿತ್ತು. ಬಾಲ್ಟಿಮೋರ್ ಓರಿಯೋಲ್ಸ್ 101 ಗೆಲುವು. ಟ್ಯಾಂಪಾ ಬೇ ರೇಸ್ 99. ಟೊರೊಂಟೊ ಬ್ಲೂ ಜೇಸ್ 89. ನ್ಯೂಯಾರ್ಕ್ ಯಾಂಕೀಸ್ 82. ಬೋಸ್ಟನ್ ರೆಡ್ ಸಾಕ್ಸ್ 78.

ಕೆಳಗಿನ ಎರಡು ಹೆಸರು ಇನ್ನೊಂದು ಸಲ ಓದಿ. ಬೇಸ್‌ಬಾಲ್ ನೋಡದವರೂ ಎಲ್ಲೋ ಒಂದು ಕಡೆ ಕೇಳಿರುವ ಹೆಸರುಗಳು ಇವು. ಯಾಂಕೀಸ್ 27 ಸಲ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಗೆದ್ದವರ ನಡುವಿನ ಫೈನಲ್, ಗೆದ್ದ ತಂಡ. ನಮ್ಮ ಬೆಂಗಳೂರಿನ ಫುಟ್‌ಪಾತ್‌ನಲ್ಲಿ ಸಿಗುವ ಟೋಪಿಯ ಮೇಲೂ ಅದರ ಗುರುತೇ ಇರುತ್ತದೆ. ಹಾಕಿಕೊಂಡವರಿಗೆ ಅದೊಂದು ತಂಡ ಅಂತ ಗೊತ್ತಿರುವುದಿಲ್ಲ, ಅದು ಬೇರೆ ಮಾತು. ರೆಡ್ ಸಾಕ್ಸ್ 9 ಸಲ ಗೆದ್ದಿದೆ, ಅದರಲ್ಲಿ ನಾಲ್ಕು 2004ರ ಈಚೆಗೆ. ಇಬ್ಬರಿಗೂ ನೂರು ವರ್ಷದ ಹಗೆ. ಇಬ್ಬರ ಹತ್ತಿರವೂ ದುಡ್ಡಿಗೆ ಬರವಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ನಡೆದದ್ದು ಇನ್ನೂ ತಮಾಷೆ. ಬೋಸ್ಟನ್ ತಂಡ ನ್ಯೂಯಾರ್ಕ್‌ಗೆ ಬಂದು ಮೂರಕ್ಕೆ ಮೂರೂ ಪಂದ್ಯ ಗೆದ್ದುಕೊಂಡು ಹೋಯಿತು. ಯಾಂಕೀಸ್ ಆಗ ಸತತ ಒಂಬತ್ತು ಪಂದ್ಯ ಸೋತಿತು. 1982ರಿಂದ ಈಚೆಗೆ ಅಷ್ಟು ಉದ್ದದ ಸೋಲಿನ ಸಾಲು ಆ ತಂಡ ನೋಡಿರಲಿಲ್ಲ. ವಿಭಾಗದ ಕೊನೇ ಸ್ಥಾನದಲ್ಲಿ ಯಾಂಕೀಸ್ ಹೆಸರು ನೋಡಿ ಬೋಸ್ಟನ್‌ನವರು ಕುಣಿದಾಡಿದರು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅದೇ ಬೋಸ್ಟನ್ ಜಾರಿ ಜಾರಿ ಯಾಂಕೀಸ್‌ಗಿಂತ ಕೆಳಗೆ ಹೋಗಿ ಕೂತಿತ್ತು.

ಕ್ರಿಕೆಟ್ ಕಣ್ಣಿನಿಂದ ನೋಡುವವರಿಗೆ ಒಂದು ಮಾತು. ಇಲ್ಲಿ ಒಂದು ತಂಡ ಸೀಸನ್ನಿಗೆ 162 ಪಂದ್ಯ ಆಡುತ್ತದೆ. ಆರು ತಿಂಗಳು, ಹೆಚ್ಚುಕಡಿಮೆ ದಿನಾ ಆಟ. ಎಷ್ಟೇ ಒಳ್ಳೆಯ ತಂಡವಾದರೂ ಐವತ್ತು ಅರವತ್ತು ಪಂದ್ಯ ಸೋಲುತ್ತದೆ. ಐಪಿಎಲ್‌ನ 14 ಪಂದ್ಯದಲ್ಲಿ ಟಾಸ್ ಕೈಕೊಟ್ಟಿತು, ಇಬ್ಬನಿ ಬಿತ್ತು ಅಂತ ಕಾರಣ ಹೇಳಬಹುದು. 162 ಪಂದ್ಯ ಆದ ಮೇಲೆ ಅದೃಷ್ಟದ ಮೇಲೆ ಗೂಬೆ ಕೂರಿಸಲು ಆಗುವುದಿಲ್ಲ.

ಈ ಹಳೇ ಪಟ್ಟಿಯನ್ನು ಈಗ ಕೆದಕಲು ಕಾರಣ ಇದೆ. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ದುಡ್ಡು ಸುರಿದು 2024, 2025 ಎರಡೂ ವರ್ಷ ಚಾಂಪಿಯನ್ ಆಯಿತು. ಅದಾದ ಮೇಲೆ ಸಂಬಳಕ್ಕೆ ಮಿತಿ ಹಾಕಬೇಕು ಅನ್ನುವ ಮಾತು ಜೋರಾಗಿದೆ. ದುಡ್ಡಿದ್ದವರೇ ಗೆಲ್ಲುತ್ತಾರೆ ಅನ್ನುವುದು ಆ ವಾದದ ತಿರುಳು. ಹಾಗಾದರೆ ದುಡ್ಡಿದ್ದವರು ತಳಕ್ಕೆ ಬೀಳುವುದು ಹೇಗೆ? ಬಿದ್ದಾಗ ನೋವಾಗುವುದು ಯಾರಿಗೆ? ಈ ಎರಡನೇ ಪ್ರಶ್ನೆಗೆ ಉತ್ತರ ಐವತ್ತು ವರ್ಷದಲ್ಲಿ ಪೂರ್ತಿ ಬದಲಾಗಿದೆ. ಅದೇ ನನಗೆ ಮುಖ್ಯ ಅನಿಸುವುದು.

413 ಮಂದಿ

ಇಬ್ಬರೂ ಜೋಡಿಯಾಗಿ ಮಣ್ಣು ಮುಕ್ಕಿದ್ದು ಅದೇ ಮೊದಲಲ್ಲ. 1966ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಹತ್ತು ತಂಡ ಇದ್ದವು. ಒಂಬತ್ತನೇ ಸ್ಥಾನ ರೆಡ್ ಸಾಕ್ಸ್, 72 ಗೆಲುವು 90 ಸೋಲು. ಹತ್ತನೇ ಸ್ಥಾನ ಯಾಂಕೀಸ್, 70 ಗೆಲುವು 89 ಸೋಲು.

1921ರಿಂದ 1964ರವರೆಗಿನ 44 ವರ್ಷದಲ್ಲಿ ಯಾಂಕೀಸ್ 29 ಸಲ ಲೀಗ್ ಗೆದ್ದಿತ್ತು. 1964ರಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದವರೆಗೆ ಹೋಗಿ ಸೋತಿತ್ತು. ಎರಡೇ ವರ್ಷಕ್ಕೆ ಕೊನೇ ಸ್ಥಾನ. ಅದಕ್ಕೆ ಮುಂಚೆ ಆ ತಂಡ ಕೊನೇ ಸ್ಥಾನ ಕಂಡದ್ದು 1912ರಲ್ಲಿ.

1966ರ ಸೆಪ್ಟೆಂಬರ್ 22ರಂದು ಶಿಕಾಗೊ ವೈಟ್ ಸಾಕ್ಸ್ ಜೊತೆ ಪಂದ್ಯ. ಅರವತ್ತೈದು ಸಾವಿರಕ್ಕೂ ಹೆಚ್ಚು ಜನ ಕೂರುವ ಯಾಂಕೀ ಸ್ಟೇಡಿಯಂಗೆ ಅವತ್ತು ಬಂದವರು 413 ಮಂದಿ. ಟಿವಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರು ರೆಡ್ ಬಾರ್ಬರ್, ಆ ಕೆಲಸದಲ್ಲಿ ದೊಡ್ಡ ಹೆಸರು. ಖಾಲಿ ಕುರ್ಚಿಗಳ ಮೇಲೆ ಕ್ಯಾಮೆರಾ ತಿರುಗಿಸಿ ಅಂದರು. ತಿರುಗಲಿಲ್ಲ. ಇವತ್ತಿನ ಸುದ್ದಿ ಆಟ ಅಲ್ಲ, ಜನ ಬಂದಿಲ್ಲ ಅನ್ನುವುದೇ ಸುದ್ದಿ ಅಂತ ಅವರು ನೇರ ಪ್ರಸಾರದಲ್ಲೇ ಹೇಳಿಬಿಟ್ಟರು. ಸ್ವಲ್ಪ ದಿನದಲ್ಲೇ ಅವರ ಒಪ್ಪಂದ ಮುಂದುವರಿಯುವುದಿಲ್ಲ ಅನ್ನುವ ಮಾತು ಬಂತು. ತಂಡದ ಮಾಲೀಕರು ಯಾರು ಗೊತ್ತಾ? ಸಿಬಿಎಸ್. ಒಂದು ಟಿವಿ ಕಂಪನಿ! 1964ರಲ್ಲಿ ಶೇ 80ರಷ್ಟು ಪಾಲನ್ನು 1.12 ಕೋಟಿ ಡಾಲರ್ ಕೊಟ್ಟು ಕೊಂಡಿದ್ದರು.

ಹೊಸ ಮಾಲೀಕರಿಗೆ ತಂಡ ನಡೆಸಲು ಬರಲಿಲ್ಲ, ಅದಕ್ಕೇ ಬಿತ್ತು ಅನ್ನುವ ಕಥೆ ಬಹಳ ದಿನ ಓಡಿತು. ನಾನು ಅದನ್ನು ಒಪ್ಪುವುದಿಲ್ಲ. ಸಿಬಿಎಸ್ ಕೈಗೆ ಬರುವಷ್ಟರಲ್ಲೇ ಒಳಗಿನ ಮರ ಟೊಳ್ಳಾಗಿತ್ತು. ಮಿಕ್ಕಿ ಮ್ಯಾಂಟಲ್, ರಾಜರ್ ಮ್ಯಾರಿಸ್, ವೈಟಿ ಫೋರ್ಡ್ ಮೂವರೂ ಗಾಯದಲ್ಲೋ ವಯಸ್ಸಿನಲ್ಲೋ ಸವೆದಿದ್ದರು. ಅವರ ಜಾಗಕ್ಕೆ ಬರಬೇಕಾದ ಹುಡುಗರು ಹಿಂದೆ ಇರಲಿಲ್ಲ.

ಯಾಕೆ ಇರಲಿಲ್ಲ? ಹಳೇ ದಾರಿಗಳು ಒಂದೊಂದಾಗಿ ಮುಚ್ಚಿದ್ದವು. 1950ರ ದಶಕದಲ್ಲಿ ಕ್ಯಾನ್ಸಸ್ ಸಿಟಿ ಅಥ್ಲೆಟಿಕ್ಸ್ ತಂಡ ಯಾಂಕೀಸ್‌ಗೆ ಹಿತ್ತಲ ಮನೆ ಇದ್ದ ಹಾಗೆ ಇತ್ತು. ಬೇಕಾದ ಆಟಗಾರ ಅಲ್ಲಿಂದ ಬರುತ್ತಿದ್ದ, ಮ್ಯಾರಿಸ್ ಬಂದದ್ದೂ ಹಾಗೆಯೇ. ಚಾರ್ಲಿ ಫಿನ್ಲಿ ಆ ತಂಡ ಕೊಂಡ ಮೇಲೆ ಆ ವ್ಯವಹಾರ ನಿಂತಿತು. 1965ರಲ್ಲಿ ಡ್ರಾಫ್ಟ್, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಪದ್ಧತಿ, ಶುರುವಾಯಿತು. ಅದಕ್ಕೆ ಮೊದಲು ಶಾಲೆ, ಕಾಲೇಜು ಮುಗಿಸಿದ ಹುಡುಗ ಯಾವ ತಂಡಕ್ಕೆ ಬೇಕಾದರೂ ಸಹಿ ಹಾಕಬಹುದಿತ್ತು. ಹೆಸರು, ದುಡ್ಡು ಎರಡೂ ಇದ್ದ ಯಾಂಕೀಸ್ ಬಾಗಿಲಿಗೆ ಅವನು ತಾನೇ ಬರುತ್ತಿದ್ದ. ಡ್ರಾಫ್ಟ್ ಬಂದ ಮೇಲೆ ಸರದಿ ಉಲ್ಟಾ: ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ.

ಇವೆರಡಕ್ಕಿಂತ ದೊಡ್ಡ ಕಾರಣ ಬಣ್ಣ. ಜಾಕಿ ರಾಬಿನ್ಸನ್ 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿ ಕರಿಯ ಆಟಗಾರರಿಗೆ ಬಾಗಿಲು ತೆರೆದರು. ಯಾಂಕೀಸ್ ತನ್ನ ಮೊದಲ ಕರಿಯ ಆಟಗಾರ ಎಲ್ಸ್ಟನ್ ಹೊವಾರ್ಡ್ ಅವರನ್ನು ಕಣಕ್ಕಿಳಿಸಿದ್ದು 1955ರಲ್ಲಿ. ಬೋಸ್ಟನ್ ಇನ್ನೂ ಅತ್ತತ್ತ, 1959ರಲ್ಲಿ ಪಂಪ್ಸಿ ಗ್ರೀನ್. ಆಗಿದ್ದ 16 ತಂಡಗಳಲ್ಲಿ ಕಟ್ಟಕಡೆಗೆ ಬಾಗಿಲು ತೆರೆದದ್ದು ಅದೇ. ಇದೇ ರಾಬಿನ್ಸನ್ ಅವರನ್ನು 1945ರ ಏಪ್ರಿಲ್‌ನಲ್ಲಿ ಬೋಸ್ಟನ್ ತನ್ನ ಫೆನ್‌ವೇ ಪಾರ್ಕ್‌ಗೆ ಕರೆಸಿ ಪರೀಕ್ಷೆ ಮಾಡಿ ಹಾಗೇ ವಾಪಸ್ ಕಳಿಸಿತ್ತು. ವಿಲ್ಲಿ ಮೇಸ್, ಹ್ಯಾಂಕ್ ಆರನ್, ರಾಬರ್ಟೊ ಕ್ಲೆಮೆಂಟೆ, ಬಾಬ್ ಗಿಬ್ಸನ್ ಎಲ್ಲರೂ ನ್ಯಾಷನಲ್ ಲೀಗ್‌ನಲ್ಲಿ ಮೆರೆಯುತ್ತಿದ್ದಾಗ ಇವೆರಡು ತಂಡ ಅರ್ಧ ಕಣ್ಣು ಮುಚ್ಚಿಕೊಂಡು ಆಟಗಾರರನ್ನು ಹುಡುಕುತ್ತಿದ್ದವು. ಗೆಲ್ಲುತ್ತಿದ್ದಷ್ಟು ದಿನ ಯಾಂಕೀಸ್‌ಗೆ ಇದರ ಬಿಸಿ ತಟ್ಟಲಿಲ್ಲ. 1966ರಲ್ಲಿ ಚಾಂಪಿಯನ್ ಆದ ಬಾಲ್ಟಿಮೋರ್‌ಗೆ ಆಸರೆಯಾದವರು ಸಿನ್ಸಿನಾಟಿಯಿಂದ ಬಂದ ಫ್ರಾಂಕ್ ರಾಬಿನ್ಸನ್, ಕರಿಯ ಆಟಗಾರ. ಬ್ಯಾಟಿಂಗ್‌ನ ಮೂರೂ ಮುಖ್ಯ ಪಟ್ಟಿಗಳಲ್ಲಿ ಅವರೇ ಆ ವರ್ಷ ಮೊದಲಿಗರು.

ಇಬ್ಬರೂ ಎದ್ದ ರೀತಿ ಮಾತ್ರ ಬೇರೆ. ಬೋಸ್ಟನ್ ಮರುವರ್ಷವೇ ಲೀಗ್ ಗೆದ್ದಿತು. ಕಾರ್ಲ್ ಯಾಸ್ಟ್ರೆಮ್‌ಸ್ಕಿ ಅವರ ಬ್ಯಾಟು, ಡಿಕ್ ವಿಲಿಯಮ್ಸ್ ಅನ್ನುವ ಕಟ್ಟುನಿಟ್ಟಿನ ಹೊಸ ಮ್ಯಾನೇಜರ್, ಮತ್ತು ತಡವಾಗಿಯಾದರೂ ಒಳಗೆ ಬಂದ ಜಾರ್ಜ್ ಸ್ಕಾಟ್, ರೆಜಿ ಸ್ಮಿತ್ ತರಹದ ಕರಿಯ ಹುಡುಗರು. ವರ್ಷಕ್ಕೆ 8 ಲಕ್ಷ ಚಿಲ್ಲರೆ ಇದ್ದ ಪ್ರೇಕ್ಷಕರ ಸಂಖ್ಯೆ 17 ಲಕ್ಷ ದಾಟಿತು. ಯಾಂಕೀಸ್‌ಗೆ ಮತ್ತೆ ಲೀಗ್ ಗೆಲ್ಲಲು 1976ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ತಂಡ ಜಾರ್ಜ್ ಸ್ಟೈನ್‌ಬ್ರೆನ್ನರ್ ಕೈಗೆ ಬಂದಿತ್ತು, ಆಟಗಾರರಿಗೆ ಒಪ್ಪಂದ ಮುಗಿದ ಮೇಲೆ ಬೇಕಾದ ಕಡೆ ಹೋಗುವ ಹಕ್ಕು ಬಂದಿತ್ತು. ಅಂದರೆ ದುಡ್ಡಿಗೆ ಮತ್ತೆ ಬೆಲೆ ಬಂದಿತ್ತು.

ಹತ್ತು ತಂಡದಲ್ಲಿ ಒಂಬತ್ತು, ಹತ್ತು ಅಂದಾಗ ನಮ್ಮವರಿಗೆ 2022ರ ಐಪಿಎಲ್ ನೆನಪಾಗಬೇಕು. ಚೆನ್ನೈ ಒಂಬತ್ತನೇ ಸ್ಥಾನ, ಮುಂಬೈ ಹತ್ತನೇ ಸ್ಥಾನ, ಇಬ್ಬರಿಗೂ 14ರಲ್ಲಿ ನಾಲ್ಕೇ ಗೆಲುವು. ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಅದೊಂಥರ ಹಬ್ಬ. ಅಲ್ಲೂ ನಿಯಮವೇ ಕೆಲಸ ಮಾಡಿತ್ತು. ಮೆಗಾ ಹರಾಜಿಗೆ ಮುಂಚೆ ನಾಲ್ವರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು, ಎಲ್ಲರ ಜೇಬಿನಲ್ಲೂ ಅದೇ 90 ಕೋಟಿ. ಮುಂಬೈ ಆ ವರ್ಷ ಆಡುವುದಿಲ್ಲ ಅಂತ ಗೊತ್ತಿದ್ದೂ ಜೋಫ್ರಾ ಆರ್ಚರ್‌ಗೆ 8 ಕೋಟಿ ಕೊಟ್ಟಿತು. ಚೆನ್ನೈ 14 ಕೋಟಿ ಕೊಟ್ಟ ದೀಪಕ್ ಚಾಹರ್ ಗಾಯದಿಂದ ಒಂದು ಪಂದ್ಯವೂ ಆಡಲಿಲ್ಲ. ಮುಂಬೈ ಬಿಟ್ಟುಕೊಟ್ಟ ಹಾರ್ದಿಕ್ ಪಾಂಡ್ಯ ಹೊಸ ಗುಜರಾತ್ ತಂಡದ ನಾಯಕನಾಗಿ ಕಪ್ ಎತ್ತಿದರು. ಆದರೆ ಚೆನ್ನೈ ಮರುವರ್ಷವೇ ಚಾಂಪಿಯನ್. ಸಣ್ಣ ಸೀಸನ್ನಿನಲ್ಲಿ ಬೀಳುವುದೂ ಬೇಗ, ಏಳುವುದೂ ಬೇಗ.

ಬೆಟ್ಸ್ ಹೋದರು, ರಿಜ್ಜೋ ಆಡಿದರು

ಈಗ ಮತ್ತೆ 2023ಕ್ಕೆ ಬರೋಣ. ಈ ಸಲ ಬೋಸ್ಟನ್, ನ್ಯೂಯಾರ್ಕ್ ಬಿದ್ದ ದಾರಿಗಳು ಒಂದಕ್ಕೊಂದು ಪೂರ್ತಿ ವಿರುದ್ಧ.

ಬೋಸ್ಟನ್‌ನದು ದುಡ್ಡು ಉಳಿಸಲು ಹೋಗಿ ಆದದ್ದು. 2018ರಲ್ಲಿ ಆ ತಂಡ 108 ಪಂದ್ಯ ಗೆದ್ದು ಚಾಂಪಿಯನ್ ಆಗಿತ್ತು. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಮಿತಿ ಇಲ್ಲ, ಆದರೆ ತೆರಿಗೆ ಇದೆ. ತಂಡದ ಒಟ್ಟು ಸಂಬಳ ಒಂದು ಗೆರೆ ದಾಟಿದರೆ, ದಾಟಿದ ಮೊತ್ತದ ಮೇಲೆ ಲೀಗ್‌ಗೆ ಕಟ್ಟಬೇಕು. ಈಗಿನ ಒಪ್ಪಂದದಲ್ಲಿ ಮೊದಲ ವರ್ಷ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ಜಾಸ್ತಿ ಮೇಲೆ ಹೋದರೆ ಅದರ ಮೇಲೆ ಇನ್ನಷ್ಟು. ಒಂದು ವರ್ಷ ಗೆರೆಯ ಕೆಳಗೆ ಇಳಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಸತತವಾಗಿ ಗೆರೆ ದಾಟಿದ್ದ ಬೋಸ್ಟನ್ 2020ರಲ್ಲಿ ಕೆಳಗೆ ಇಳಿಯಲು ಹೊರಟಿತು. ಅದಕ್ಕೆ ಕೊಟ್ಟ ಬೆಲೆ ಮೂಕಿ ಬೆಟ್ಸ್. ತಾವೇ ಬೆಳೆಸಿದ ಹುಡುಗ, 2018ರ ಅತ್ಯುತ್ತಮ ಆಟಗಾರ. ಅವರನ್ನು ಡಾಡ್ಜರ್ಸ್‌ಗೆ ಕೊಟ್ಟು ಮೂವರನ್ನು ತೆಗೆದುಕೊಂಡರು. ಆ ಮೂವರಲ್ಲಿ ಒಬ್ಬನ ಹೆಸರು ಜೀಟರ್ ಡೌನ್ಸ್. ಯಾಂಕೀಸ್‌ನ ಡೆರೆಕ್ ಜೀಟರ್ ಮೇಲಿನ ಅಭಿಮಾನಕ್ಕೆ ತಂದೆತಾಯಿ ಇಟ್ಟ ಹೆಸರು! ಆ ಹುಡುಗ ಬೋಸ್ಟನ್‌ಗೆ ಆಡಿದ್ದು ಕೆಲವೇ ಪಂದ್ಯ. ಬೆಟ್ಸ್ ಅದೇ ವರ್ಷ ಡಾಡ್ಜರ್ಸ್ ಜೊತೆ ವರ್ಲ್ಡ್ ಸೀರೀಸ್ ಗೆದ್ದರು, 2024, 2025ರಲ್ಲಿ ಮತ್ತೆ ಗೆದ್ದರು. ಬೋಸ್ಟನ್ 2020, 2022, 2023 ಮೂರೂ ವರ್ಷ ವಿಭಾಗದ ಕೊನೆಯಲ್ಲಿ ನಿಂತಿತು. ಈ ಲೆಕ್ಕಾಚಾರ ಮಾಡಿದ ತಂಡದ ಬೇಸ್‌ಬಾಲ್ ಮುಖ್ಯಸ್ಥ ಹೈಮ್ ಬ್ಲೂಮ್ 2023ರ ಸೆಪ್ಟೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಖರ್ಚು ಕಡಿಮೆ ಮಾಡಿ ಅಂದವರು ಮಾಲೀಕರು, ಮನೆಗೆ ಹೋದವರು ನೌಕರ.

ಯಾಂಕೀಸ್‌ನದು ಖರ್ಚು ಮಾಡಿ ಆದ ಕಷ್ಟ. 2022ರಲ್ಲಿ 62 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಆರನ್ ಜಡ್ಜ್‌ಗೆ ಒಂಬತ್ತು ವರ್ಷಕ್ಕೆ 36 ಕೋಟಿ ಡಾಲರ್. ಪಿಚರ್, ಅಂದರೆ ಚೆಂಡು ಎಸೆಯುವ ಕಾರ್ಲೋಸ್ ರೊಡಾನ್‌ಗೆ ಆರು ವರ್ಷಕ್ಕೆ 16.2 ಕೋಟಿ. ಜೂನ್ 3ರಂದು ಲಾಸ್ ಏಂಜಲೀಸ್‌ನಲ್ಲಿ ಜಡ್ಜ್ ಒಂದು ಕ್ಯಾಚ್ ಹಿಡಿಯಲು ಓಡಿ ಬೇಲಿಯ ಗೇಟಿಗೇ ನುಗ್ಗಿದರು. ಕ್ಯಾಚ್ ಸಿಕ್ಕಿತು, ಗೇಟು ಮುರಿಯಿತು, ಕಾಲ್ಬೆರಳು ಕೆಳಗಿನ ಕಾಂಕ್ರೀಟಿಗೆ ಬಡಿಯಿತು. 42 ಪಂದ್ಯ ಹೊರಗೆ. ಅವರಿಲ್ಲದ ತಂಡ ಮುದುಕರ ಸಂತೆ ಅಂತ ಆಗಲೇ ಎಲ್ಲರಿಗೂ ಕಂಡದ್ದು. ಜಾನ್ಕಾರ್ಲೊ ಸ್ಟ್ಯಾಂಟನ್ ಬ್ಯಾಟಿಂಗ್ ಸರಾಸರಿ .191, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಹಿಟ್ ಕೂಡ ಇಲ್ಲ. ಜಾಶ್ ಡೊನಾಲ್ಡ್‌ಸನ್ .142, ಆಗಸ್ಟ್‌ನಲ್ಲೇ ಮನೆಗೆ ಕಳಿಸಿದರು. ರೊಡಾನ್ ಹೆಸರಿಗೆ ಬರೆದದ್ದು ಮೂರು ಗೆಲುವು, ಎಂಟು ಸೋಲು.

ನನಗೆ ಬೇಜಾರಾದದ್ದು ಆಂಥನಿ ರಿಜ್ಜೋ ವಿಷಯ. ಮೇ 28ರಂದು ಫಸ್ಟ್ ಬೇಸ್‌ನಲ್ಲಿ ಎದುರಾಳಿ ಓಟಗಾರ ಫರ್ನಾಂಡೊ ಟಾಟಿಸ್ ಅವರ ಸೊಂಟ ರಿಜ್ಜೋ ತಲೆಗೆ ಬಡಿಯಿತು. ಪರೀಕ್ಷೆ ಮಾಡಿ ಏನೂ ಆಗಿಲ್ಲ ಅಂದರು. ಅವತ್ತಿನವರೆಗೆ ಅವರ ಸರಾಸರಿ .304. ಅಲ್ಲಿಂದ ಮುಂದೆ ಎರಡು ತಿಂಗಳು ಚೆಂಡು ಬ್ಯಾಟಿಗೆ ಸಿಗಲೇ ಇಲ್ಲ. ಫಾರ್ಮ್ ಹೋಗಿದೆ ಅಂದರು, ವಯಸ್ಸಾಯಿತು ಅಂದರು, ದಿನಾ ಆಡಿಸಿದರು. ತಲೆಗೆ ಆದ ಪೆಟ್ಟಿನ ಪರಿಣಾಮ ಇನ್ನೂ ಇಳಿದಿಲ್ಲ ಅಂತ ಗೊತ್ತಾದದ್ದು ಆಗಸ್ಟ್‌ನಲ್ಲಿ. ಬೆಂಚಿನಲ್ಲಿ ಬೇರೆ ಒಳ್ಳೆಯ ಆಟಗಾರ ಇದ್ದಿದ್ದರೆ ಅಷ್ಟು ದಿನ ಯಾರೂ ಎಳೆಯುತ್ತಿರಲಿಲ್ಲ. ದುಡ್ಡೆಲ್ಲ ಮೇಲಿನ ನಾಲ್ಕೈದು ಹೆಸರಿಗೆ ಹೋದರೆ ಕೆಳಗೆ ಆಗುವುದು ಇದೇ.

ಇಷ್ಟಾದರೂ ಯಾಂಕೀಸ್ 82 ಗೆದ್ದು 80 ಸೋತಿತು. ಸೋಲಿಗಿಂತ ಗೆಲುವೇ ಜಾಸ್ತಿ. 1992ರ ನಂತರ ಒಂದು ಸೀಸನ್ನಿನಲ್ಲೂ ಆ ತಂಡ ಗೆಲುವಿಗಿಂತ ಹೆಚ್ಚು ಸೋತಿಲ್ಲ. ಇದು ಶಿಸ್ತೋ ಹಟವೋ ಅನ್ನುವುದರ ಬಗ್ಗೆ ನ್ಯೂಯಾರ್ಕ್‌ನಲ್ಲೇ ಜಗಳ ಇದೆ. 2012ರಿಂದ 2023ರವರೆಗೆ ಬೋಸ್ಟನ್ ಆರು ಸಲ ವಿಭಾಗದ ಕೊನೇ ಸ್ಥಾನ ಪಡೆಯಿತು, ಎರಡು ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಯಾಂಕೀಸ್ ಒಂದು ಸಲವೂ ಕೊನೇ ಸ್ಥಾನದಲ್ಲಿ ಸೀಸನ್ ಮುಗಿಸಲಿಲ್ಲ, ಒಂದು ಸಲವೂ ಗೆಲ್ಲಲಿಲ್ಲ. ನೀವಾದರೆ ಯಾವುದನ್ನು ಆರಿಸಿಕೊಳ್ಳುತ್ತೀರಿ? ನಾನಂತೂ ಬೋಸ್ಟನ್ ಕಡೆ.

ಬಿದ್ದರೂ ಟಿಕೆಟ್ ಖಾಲಿ

ಹಾಗಂತ ಬೋಸ್ಟನ್ ಮಾಲೀಕರನ್ನು ಹೊಗಳಲು ನನ್ನಿಂದ ಆಗದು. 2012ರಲ್ಲಿ ಆ ತಂಡ 93 ಪಂದ್ಯ ಸೋತು ಕೊನೇ ಸ್ಥಾನಕ್ಕೆ ಬಿತ್ತು. ಆ ವರ್ಷ ಫೆನ್‌ವೇ ಪಾರ್ಕ್‌ನ ಪ್ರತಿ ಪಂದ್ಯವೂ ಲೆಕ್ಕದಲ್ಲಿ ಹೌಸ್‌ಫುಲ್. 2003ರಲ್ಲಿ ಶುರುವಾದ ಆ ಹೌಸ್‌ಫುಲ್ ಸಾಲು 820 ಪಂದ್ಯದ ತನಕ ಬೆಳೆದು 2013ರ ಏಪ್ರಿಲ್‌ನಲ್ಲಿ ನಿಂತಿತು. ಕುರ್ಚಿಗಳು ಖಾಲಿ ಕಾಣುತ್ತಿದ್ದವು ಅಂತ ಹೋದವರು ಗೊಣಗುತ್ತಿದ್ದರು, ಆದರೆ ಟಿಕೆಟ್ ಹೋಗಿತ್ತಲ್ಲ. 1966ರ 413 ಮಂದಿಯನ್ನು ಇದರ ಪಕ್ಕ ಇಟ್ಟು ನೋಡಿ. ಆಗ ಕೊನೇ ಸ್ಥಾನ ಅಂದರೆ ಗಲ್ಲಾಪೆಟ್ಟಿಗೆ ಖಾಲಿ. ಈಗ ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಪಂದ್ಯ ತೋರಿಸುವ ಚಾನೆಲ್‌ಗಳಲ್ಲೂ ಎರಡೂ ತಂಡಗಳಿಗೆ ಪಾಲಿದೆ. ವರ್ಷವರ್ಷದ ಒಪ್ಪಂದದ ದುಡ್ಡು ಸೋತರೂ ಬರುತ್ತದೆ, ಗೆದ್ದರೂ ಬರುತ್ತದೆ.

ಬೋಸ್ಟನ್ ತಂಡದ ಒಡೆತನ ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್‌ನದು. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ ಕೂಡ 2010ರಿಂದ ಅವರದೇ. ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಮೂರು ಸ್ಥಾನದಲ್ಲಿ ನಿಂತವರು ಕೆಳಗಿನ ಲೀಗ್‌ಗೆ ಇಳಿಯಬೇಕು, ಟಿವಿ ದುಡ್ಡು ಕುಸಿಯುತ್ತದೆ, ಆಟಗಾರರು ಬಿಟ್ಟು ಹೋಗುತ್ತಾರೆ. ಅಲ್ಲಿ ಒಮ್ಮೆ ತಳ ಮುಟ್ಟಿದರೂ ಕಥೆ ಮುಗಿದ ಹಾಗೆ. ಬೋಸ್ಟನ್‌ನಲ್ಲಿ ಆರು ಸಲ ಮುಟ್ಟಿದರೂ ಏನೂ ಆಗಲಿಲ್ಲ, ಬದಲಿಗೆ ಮುಂದಿನ ಡ್ರಾಫ್ಟಿನಲ್ಲಿ ಒಳ್ಳೆಯ ಸರದಿ ಸಿಕ್ಕಿತು. ಸುಮ್ನೆ ಸೋಲುತ್ತಾ ಕೂರಬಾರದು ಅಂತ ಲೀಗ್ ಈಗ ಮೊದಲ ಆರು ಸರದಿಗೆ ಲಾಟರಿ ಇಟ್ಟಿದೆ. 2024ರಲ್ಲಿ 121 ಪಂದ್ಯ ಸೋತ ಶಿಕಾಗೊ ವೈಟ್ ಸಾಕ್ಸ್‌ಗೆ ದೊಡ್ಡ ಆದಾಯದ ತಂಡಕ್ಕೆ ಸತತ ಎರಡನೇ ವರ್ಷ ಲಾಟರಿ ಇಲ್ಲ ಅನ್ನುವ ನಿಯಮದಡಿ ಸಿಕ್ಕಿದ್ದು ಹತ್ತನೇ ಸರದಿ. ಒಳ್ಳೆಯ ನಿಯಮವೇ. ಆದರೆ ಡ್ರಾಫ್ಟೂ ಮಂತ್ರದಂಡ ಅಲ್ಲ. 2018ರಲ್ಲಿ 115 ಪಂದ್ಯ ಸೋತು, ಒಳ್ಳೊಳ್ಳೆ ಸರದಿ ಕೂಡಿಟ್ಟುಕೊಂಡು 2023ರಲ್ಲಿ ಮೊದಲ ಸ್ಥಾನಕ್ಕೇರಿದ ಬಾಲ್ಟಿಮೋರ್, 2025ರಲ್ಲಿ ಮತ್ತೆ ಅದೇ ವಿಭಾಗದ ಕೊನೆಯಲ್ಲಿತ್ತು.

ಸಂಬಳಕ್ಕೆ ಮಿತಿ ಹಾಕಿದರೆ ಇದೆಲ್ಲ ಸರಿಹೋಗುತ್ತದೆಯೇ? 2023ರಲ್ಲಿ ಅತಿ ಹೆಚ್ಚು ಸಂಬಳ ಕೊಟ್ಟ ಮೂರು ತಂಡಗಳು ಮೆಟ್ಸ್, ಯಾಂಕೀಸ್, ಪ್ಯಾಡ್ರೆಸ್. ಮೂರೂ ಪ್ಲೇಆಫ್ ಮುಟ್ಟಲಿಲ್ಲ. ಮೆಟ್ಸ್ ಆಮೇಲೆ ವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟು 2025ರಲ್ಲೂ ಹೊರಗೆ ಉಳಿಯಿತು. ದುಡ್ಡಿನಿಂದ ಗೆಲುವು ಬರುತ್ತದೆ ಅನ್ನುವುದಕ್ಕೆ ಡಾಡ್ಜರ್ಸ್ ಸಾಕ್ಷಿಯಾದರೆ, ಬರುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕ್ಷಿ ಇದೆ. ಆಟಗಾರರ ಸಂಘ ಮಿತಿಯ ಮಾತಿಗೆ 1994ರಿಂದಲೂ ಜಗ್ಗಿಲ್ಲ. ಆ ವರ್ಷ ಮುಷ್ಕರ ನಡೆದು ವರ್ಲ್ಡ್ ಸೀರೀಸೇ ರದ್ದಾಗಿತ್ತು. ಮಿತಿ ಬಂದರೆ ಮಾಲೀಕರ ಲಾಭ ಹೆಚ್ಚುವುದು ಖಚಿತ. ಪಟ್ಟಿಯ ತಳದಲ್ಲಿರುವ ಹೆಸರು ಬದಲಾಗುವುದು ಖಚಿತವಲ್ಲ.

ಇವೆರಡು ತಂಡ ಮಾತ್ರ 2023ರ ಪೆಟ್ಟಿನಿಂದ ಎದ್ದಿವೆ. ಯಾಂಕೀಸ್ 2024ರಲ್ಲಿ ವರ್ಲ್ಡ್ ಸೀರೀಸ್‌ವರೆಗೆ ಹೋಗಿ ಸೋತಿತು. 2025ರಲ್ಲಿ ಎರಡೂ ಪ್ಲೇಆಫ್‌ಗೆ ಬಂದು, ಮೊದಲ ಸುತ್ತಿನಲ್ಲೇ ಎದುರಾಗಿ, ಯಾಂಕೀಸ್ ಗೆದ್ದಿತು. ಆದರೆ ಎರಡರ ಖರ್ಚಿನ ದಾರಿ ಈಗಲೂ ಬೇರೆ ಬೇರೆ. ಬೋಸ್ಟನ್ 2025ರಲ್ಲಿ 21 ವರ್ಷದ ರೋಮನ್ ಆಂಥನಿಗೆ ಎಂಟು ವರ್ಷಕ್ಕೆ 13 ಕೋಟಿ ಡಾಲರ್ ಕೊಟ್ಟು ಹಿಡಿದಿಟ್ಟುಕೊಂಡಿದೆ. ಯಾಂಕೀಸ್ ಜಡ್ಜ್‌ಗೆ ವರ್ಷಕ್ಕೆ 4 ಕೋಟಿಯಂತೆ 2031ರವರೆಗೆ ಕೊಡಬೇಕು. ಆ ವರ್ಷ ಆಂಥನಿಗೆ 27, ಜಡ್ಜ್‌ಗೆ 39. ಮುಂದಿನ ಸಲ ಕೊನೇ ಸ್ಥಾನದಲ್ಲಿ ಸೀಸನ್ ಮುಗಿಸುವ ಸರದಿ ನ್ಯೂಯಾರ್ಕಿನದು ಅಂತ ನನ್ನ ಅಂದಾಜು.